ಅಪ್ಪಣೆಯಿಲ್ಲದೆ ಕೆರೆಗೆ ಇಳಿಯದ ಚಿಕ್ಕಪ್ಪ

ನಮ್ಮ ಚಿಕ್ಕಪ್ಪ ಅಪ್ಪಣೆ ಕೇಳದೆ ಸೀನುವುದೂ ಇಲ್ಲ. ಇದನ್ನು ನೀವು ನಂಬುವುದಿಲ್ಲವೆಂದು ನನಗೆ ಗೊತ್ತು. ಕಣ್ಣಾರೆ ಕಾಣದಿದ್ದರೆ ನಾನೂ ನಂಬುತ್ತಿರಲಿಲ್ಲ. ನಮ್ಮ ಅಕ್ಕನ ಮದುವೆಯಲ್ಲಿ ಇನ್ನೇನು ತಾಳಿ ಕಟ್ಟಬೇಕು, ವಾಲಗದವರು ಗಟ್ಟಿಮೇಳಕ್ಕೆ ಸಿದ್ಧವಾಗಿದ್ದಾರೆ, ಅಷ್ಟರಲ್ಲಿ ಚಿಕ್ಕಪ್ಪ ಎರಡು ಬೆರಳಲ್ಲಿ ಮೂಗು ಬಿಗಿಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು, ಮದುವೆ ಮಾಡಿಸುತ್ತಿದ್ದ ಅಯ್ಯನವರ ಕಿವಿಯ ಹತ್ತಿರ ಬಗ್ಗಿದರು. “ಸ್ವಾಮೀ, ಸೀನು ಬರ್ತಾ ಇದೆ. ಸೀನಬಹುದಾ?”

“ಈಗ ಬೇಡಪ್ಪಾ!” ಎಂದು ಅಯ್ಯನವರು ಗಾಬರಿಯಿಂದ ಹೇಳಿದರು.

ಚಿಕ್ಕಪ್ಪ ಕಾದರು! ತಾಳಿ ಕಟ್ಟಿ, ಅಕ್ಕಿಕಾಳು ಬಿದ್ದು, ಮೇಳ ನಿಂತು, ಅಯ್ಯನವರು “ಹೂಂ, ಈಗ ಆಗಬಹುದು” ಎಂದ ಮೇಲೆ ಛತ್ರದ ಹಿತ್ತಿಲಿಗೆ ಹೋಗಿ ಸೀನಿ ಬಂದರು. ಅಷ್ಟು ಹೊತ್ತು ಆ ಸೀನು ಎಲ್ಲಿ ಕೂತಿತ್ತು ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ.

ಇದಕ್ಕೆಲ್ಲ ಮೂಲ ಅವರ ನೌಕರಿ. ಊರಿನ ಒಂದು ಬಟ್ಟೆ ಮಿಲ್ಲಿನ ಗೇಟಿನಲ್ಲಿ ಕೂತು ಪಾಸು ಬರೆಯುವುದು ಅವರ ಕೆಲಸವಾಗಿತ್ತು. ಚೀಟಿ ಇಲ್ಲದೆ ಒಳಗಿನದು ಹೊರಗೆ ಹೋಗಕೂಡದು, ಹೊರಗಿನದು ಒಳಗೆ ಬರಕೂಡದು. ಒಮ್ಮೆ ಮಳೆ ಸುರಿಯುವಾಗ ಮಿಲ್ಲಿನ ಯಜಮಾನರೇ ಛತ್ರಿ ಬಿಚ್ಚಿಕೊಂಡು ಹೊರಗೆ ಹೊರಟರಂತೆ. ಚಿಕ್ಕಪ್ಪ ಎದ್ದು ಕೈ ಅಡ್ಡ ಹಿಡಿದು, “ಸಾರ್, ತಾವು ಹೋಗಬಹುದು. ಛತ್ರಿಗೆ ಪಾಸ್ ಇಲ್ಲ” ಎಂದರಂತೆ! ಯಜಮಾನರು ನೆನೆದುಕೊಂಡೇ ಕಾರು ಹತ್ತಿದರು. ಒಳ್ಳೆಯ ಮನುಷ್ಯ, ಪಾಪ. ಚಿಕ್ಕಪ್ಪ ರಿಟೈರಾದ ದಿನ ಅದೇ ಛತ್ರಿಯನ್ನು ಹಾರದ ಜೊತೆಗೆ ಉಡುಗೊರೆಯಾಗಿ ಕೊಟ್ಟರು. ಚಿಕ್ಕಪ್ಪ ಅದಕ್ಕೊಂದು ಪಾಸು ಬರೆದು, ತಾವೇ ತೋರಿಸಿ, ತಾವೇ ಪರೀಕ್ಷಿಸಿ, ಆಮೇಲೆ ಗೇಟು ದಾಟಿದರು.

ಇಲ್ಲಿಯವರೆಗೆ ನಗಬಹುದು. ನಾನೂ ನಕ್ಕಿದ್ದೇನೆ. ಆದರೆ ನನಗೆ ಮೈ ಉರಿಯುತ್ತಿದ್ದುದು ಇನ್ನೊಂದು ವಿಷಯಕ್ಕೆ. ಪಕ್ಕದ ಮನೆಯವರ ನಾಯಿಗೆ ಬಿಸ್ಕತ್ತು ಹಾಕಲೂ ಅಪ್ಪಣೆ ಕೇಳುವ ಈ ಮನುಷ್ಯ, ಭೂಮಿಯ ಮೇಲೆ ಒಂದೇ ಒಂದು ಜೀವವನ್ನು ಏನೂ ಕೇಳುತ್ತಿರಲಿಲ್ಲ. ಅದು ನಮ್ಮ ಚಿಕ್ಕಮ್ಮ. ಬಾಪೂಜಿನಗರದಿಂದ ರಾಜಾಜಿನಗರಕ್ಕೆ ಮನೆ ಬದಲಾಯಿಸುವಾಗ ಹಳೇ ಓನರನ್ನು ಕೇಳಿದರು, ಹೊಸ ಓನರನ್ನು ಕೇಳಿದರು, ಗಾಡಿ ನಿಲ್ಲಿಸಲು ಎದುರು ಮನೆಯವರನ್ನೂ ಕೇಳಿದರು. ಚಿಕ್ಕಮ್ಮನಿಗೆ ಗೊತ್ತಾದದ್ದು ಎತ್ತಿನ ಗಾಡಿ ಬಾಗಿಲಿಗೆ ಬಂದು ನಿಂತಾಗ! ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಆಕೆ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದುಕೊಂಡೇ ಗಾಡಿ ಹತ್ತಿದರು.

“ನೀವಾದ್ರೂ ಒಂದು ಮಾತು ಕೇಳಬಾರದಾ ಚಿಕ್ಕಮ್ಮಾ, ಇದೇನು ಹೀಗೆ ಅಂತ?” ಎಂದು ನಾನು ಹಾರಾಡಿದರೆ, “ಅವರು ಹಂಗೇ ಕಣೇ” ಎನ್ನುತ್ತಿದ್ದರು. ಆಕೆಯ ಬಾಯಲ್ಲಿ ದೂರು ಬಂದದ್ದನ್ನು ಯಾರೂ ಕೇಳಿಲ್ಲ. ಆಕೆಯ ಪಾಲಿನ ಕೋಪವನ್ನೆಲ್ಲ ದೇವರು ನನಗೇ ಸೇರಿಸಿ ಕೊಟ್ಟಿದ್ದ.

ಈಗ ಕೆರೆಯ ವಿಷಯ. ಚಿಕ್ಕಮ್ಮನ ತವರು ಕೆಂಗೇರಿಯಿಂದ ಆಚೆಗೆ, ಬಸ್ಸಿಳಿದು ನಡೆದು ಹೋಗುವಷ್ಟು ದೂರ. ಅಲ್ಲೊಂದು ಕೆರೆ. ಅದು ತುಂಬಿ ಕೋಡಿ ಬಿದ್ದಾಗ, ಕೊಟ್ಟ ಮನೆಗಳಿಂದ ಊರಿನ ಹೆಣ್ಣುಮಕ್ಕಳೆಲ್ಲ ಬಂದು ಬಾಗಿನ ಬಿಡುವುದು ಅಲ್ಲಿನ ಪದ್ಧತಿ. ಮೊರದಲ್ಲಿ ಅರಿಸಿನ ಕುಂಕುಮ, ಹಸಿರು ಬಳೆ, ರವಿಕೆ ಕಣ ಇಟ್ಟು, ನೀರಿನಲ್ಲಿ ಪಾದ ಮುಳುಗುವಂತೆ ನಿಂತು, ತಮ್ಮ ಕೈಯಾರೆ ಬಿಡಬೇಕು. ಬೇರೆಯವರ ಕೈಯಲ್ಲಿ ಕೊಟ್ಟು ಬಿಡಿಸಿದರೆ ಲೆಕ್ಕಕ್ಕಿಲ್ಲ. ಚಿಕ್ಕಮ್ಮನ ಅಪ್ಪ ಅಮ್ಮ ಹೋಗಿ ಎಷ್ಟೋ ಕಾಲವಾಗಿತ್ತು, ಒಡಹುಟ್ಟಿದವರಿಲ್ಲ, ಮನೆ ಇನ್ನೊಬ್ಬರದಾಗಿತ್ತು. “ನಂಗೆ ತವರು ಅಂತ ಇರೋದು ಆ ಕೆರೆ ಒಂದೇ ಕಣೇ” ಎನ್ನುತ್ತಿದ್ದರು.

ಎಪ್ಪತ್ತರ ದಶಕದ ಆರಂಭದಲ್ಲಿ ಸರ್ಕಾರದ ಕಣ್ಣು ಆ ಕೆರೆಯ ಮೇಲೆ ಬಿತ್ತು. ಸುತ್ತಲಿನ ಬಡಾವಣೆಗಳಿಗೆ ಕುಡಿಯುವ ನೀರು ಬೇಕಲ್ಲ, ಅದಕ್ಕೆ ದಂಡೆಯ ಮೇಲೊಂದು ಬೋರ್ಡು ನೆಟ್ಟರು: ಇದು ಸಂರಕ್ಷಿತ ಕೆರೆ, ಅಪ್ಪಣೆಯಿಲ್ಲದೆ ಯಾರೂ ನೀರಿಗೆ ಇಳಿಯಕೂಡದು, ಯಾವ ಕಟ್ಟಡವನ್ನೂ ಕಟ್ಟಕೂಡದು. ಕಾಯಲು ಒಬ್ಬ ನೀರುಗಂಟಿಯೂ ಇದ್ದ. ಬೋರ್ಡಿಗೆ ಎಮ್ಮೆಗಳು ಮೈ ಉಜ್ಜಿಕೊಳ್ಳುತ್ತಿದ್ದವು, ಹುಡುಗರು ಚಡ್ಡಿ ಒಣಹಾಕುತ್ತಿದ್ದರು. ಬಾಗಿನದ ದಿನ ಹೆಂಗಸರು ಹಾಡು ಹೇಳುತ್ತಾ ಅದರ ಪಕ್ಕದಲ್ಲೇ ಇಳಿದು ಹೋಗುತ್ತಿದ್ದರು, ನೀರುಗಂಟಿ ಬೀಡಿ ಹಚ್ಚಿಕೊಂಡು ಆ ಕಡೆ ತಿರುಗುತ್ತಿದ್ದ. ಆ ಬೋರ್ಡನ್ನು ಓದಿ ಪಾಲಿಸಿದವರು ಇಡೀ ತಾಲ್ಲೂಕಿಗೆ ನಮ್ಮ ಚಿಕ್ಕಪ್ಪ ಒಬ್ಬರೇ ಇರಬೇಕು.

ಹಾಗೆ ಬಾಗಿನ ಬಿಡಲು ಇಳಿದ ಒಂದು ವರ್ಷ ಚಿಕ್ಕಮ್ಮ ಜೇಡಿಮಣ್ಣಿನಲ್ಲಿ ಜಾರಿ ಬಿದ್ದರು. ಮೊರ ಒಂದು ಕಡೆ, ಬಳೆ ಒಂದು ಕಡೆ, ಆಕೆ ಕೆಸರಿನಲ್ಲಿ. ಆಗ ಚಿಕ್ಕಪ್ಪ ಎಲ್ಲಿದ್ದರು? ಮೇಲೆ, ಬೋರ್ಡಿನ ಪಕ್ಕ, ಛತ್ರಿ ಹಿಡಿದುಕೊಂಡು. ಕಟ್ಟಿಕೊಂಡ ಹೆಂಡತಿ “ಅಮ್ಮಾ!” ಎಂದು ಕೂಗಿದಾಗ ಈ ಮಹಾನುಭಾವರು ಮಾಡಿದ್ದೇನು? ನೀರುಗಂಟಿಯ ಕಡೆ ತಿರುಗಿ, “ಇಳೀಬಹುದೇನಪ್ಪಾ?” ಎಂದು ಕೇಳಿದರು! ಆ ಪ್ರಾಣಿಗೆ ತನ್ನನ್ನು ಯಾರಾದರೂ ಅಪ್ಪಣೆ ಕೇಳಿದ್ದು ಜನ್ಮದಲ್ಲಿ ಅದೇ ಮೊದಲು. ಅವನು ಬಾಯಿ ಬಿಟ್ಟುಕೊಂಡು ನಿಂತ. ಅವನ ಬಾಯಿ ಮುಚ್ಚುವಷ್ಟರಲ್ಲಿ ಹೆಂಗಸರೇ ಸೇರಿ ಚಿಕ್ಕಮ್ಮನನ್ನು ಎತ್ತಿ ಮೇಲೆ ತಂದಿದ್ದರು.

ನಾನು ಅಲ್ಲೇ ಇದ್ದೆ. ಆವತ್ತು ನಾನು ಚಿಕ್ಕಪ್ಪನನ್ನು ಅಂದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ಚಿಕ್ಕಮ್ಮನ ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆ, ಎಣ್ಣೆ, ಪಟ್ಟು ಎಲ್ಲ ಆಗಿ ಎದ್ದು ಓಡಾಡುವಂತಾದರು, ಆದರೆ ಕೋಲು ಬೇಕೇ ಬೇಕು. ಸಮ ನೆಲದಲ್ಲಿ ಹೇಗೋ ನಡೆಯುತ್ತಿದ್ದರು, ಇಳಿಜಾರಿಗೆ ಕಾಲು ಮಾತು ಕೇಳುತ್ತಿರಲಿಲ್ಲ. ಮುಂದಿನ ಸಲ ಕೋಡಿ ಬಿದ್ದಾಗ ಏರಿಯ ಮೇಲೆ ನಿಂತು ನೋಡಿದರು. ಆಕೆಯ ಮೊರವನ್ನು ಬೇರೆ ಯಾರೋ ಬಿಟ್ಟರು. ಚಿಕ್ಕಮ್ಮ ಮನೆಗೆ ಬಂದು ಊಟ ಮಾಡದೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು.

ಮಾರನೆಯ ದಿನ ಬೆಳಿಗ್ಗೆ ಚಿಕ್ಕಪ್ಪ ಘೋಷಿಸಿದರು: “ಕೆರೆಗೆ ಮೆಟ್ಟಿಲು ಕಟ್ಟಿಸ್ತೀನಿ. ಹಿಡ್ಕೊಳ್ಳೋಕೆ ಪಕ್ಕದಲ್ಲಿ ಕಲ್ಲಿನ ಕಟಕಟೆ. ಇವಳು ಕೋಲು ಊರಿಕೊಂಡು ತಾನೇ ಇಳಿದು ಹೋಗಬೇಕು.”

ನಿನಗೆ ಮೆಟ್ಟಿಲು ಬೇಕಾ ಎಂದು ಚಿಕ್ಕಮ್ಮನನ್ನು ಕೇಳಿದರೇ? ಇಲ್ಲ, ಕೇಳಿದ್ದರೆ ಅವರು ನಮ್ಮ ಚಿಕ್ಕಪ್ಪ ಹೇಗಾಗುತ್ತಿದ್ದರು!

ಆದರೂ ನನಗೆ ಸಂತೋಷವಾಯಿತು. ಊರಿನವರೂ ಒಪ್ಪಿದರು. ಚಿಕ್ಕಮ್ಮನ ದೂರದ ಸಂಬಂಧದ ಅಣ್ಣನೊಬ್ಬ, “ಅದೇನ್ ಭಾವ ದೊಡ್ಡ ವಿಷ್ಯ? ಎರಡು ಗಾಡಿ ಸೈಜುಗಲ್ಲು ಹೊಡ್ಸಿ, ಬೆಳಿಗ್ಗೆ ಬೇಗ ನಾಕು ಜನ ಸೇರ್ಕೊಂಡ್ರೆ ಮಧ್ಯಾಹ್ನದೊಳಗೆ ಆಗೋಯ್ತದೆ” ಎಂದ.

“ಪರ್ಮಿಷನ್ನು?” ಎಂದರು ಚಿಕ್ಕಪ್ಪ.

“ಯಾತಕ್ಕೆ?”

“ಬೋರ್ಡ್ ಓದಿಲ್ವಾ? ಕದ್ದು ಕಟ್ಟಿದ ಮೆಟ್ಟಿಲ ಮೇಲೆ ಇವಳು ಕಾಲಿಟ್ಟು ಗಂಗಮ್ಮನ್ನ ಪೂಜೆ ಮಾಡಬೇಕಾ?”

ಹೀಗೆ ಶುರುವಾಯಿತು ಆ ಯಾತ್ರೆ. ನಾನಾಗ ರಾಜಾಜಿನಗರದ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಹೇಳಿಕೊಡುತ್ತಿದ್ದೆ. ಅರ್ಜಿಗಳನ್ನೆಲ್ಲ ಟೈಪು ಮಾಡುವ ಭಾಗ್ಯ ನನ್ನದಾಯಿತು. ಕನ್ನಡದಲ್ಲಿ ಹೊಡೆದುಕೊಟ್ಟರೆ “ಸಾಹೇಬ್ರಿಗೆ ಇಂಗ್ಲಿಷ್ ಬೇಕು” ಎನ್ನುವರು. ಇಂಗ್ಲಿಷಿನಲ್ಲಿ ಹೊಡೆದರೆ “ಈಗ ಎಲ್ಲಾ ಕನ್ನಡ ಆಗಬೇಕು ಅಂತ ಆರ್ಡರ್ ಆಗಿದೆ” ಎನ್ನುವರು. ಅರ್ಜಿಯಲ್ಲಿ ಏನಿದೆ ಎಂದು ಓದಿದವರು ಮಾತ್ರ ಎರಡೂ ಭಾಷೆಯಲ್ಲಿ ಯಾರೂ ಇರಲಿಲ್ಲ.

ಚಿಕ್ಕಪ್ಪನ ಜೊತೆ ಆಫೀಸುಗಳಿಗೆ ಹೋಗಿ ಹೋಗಿ ನನಗೆ ಒಂದು ಸತ್ಯ ಗೊತ್ತಾಯಿತು. ನಾವು ನೀವು ಕೆರೆ ಎಂದುಕೊಂಡಿರುವುದು ಒಂದು ಕೆರೆಯಲ್ಲ. ನೀರು ಒಂದು ಇಲಾಖೆಯದು, ನೀರಿನ ಕೆಳಗಿನ ಮಣ್ಣು ಇನ್ನೊಂದು ಇಲಾಖೆಯದು. ಏರಿ ಮತ್ತೊಬ್ಬರದು, ಏರಿಯ ಮೇಲಿನ ಹೊಂಗೆ ಮರ ಮಗದೊಬ್ಬರದು. ನಮ್ಮ ಮೆಟ್ಟಿಲು ಏರಿಯಿಂದ ಶುರುವಾಗಿ, ಮಣ್ಣಿನ ಮೇಲೆ ಕೂತು, ನೀರಿನಲ್ಲಿ ಮುಗಿಯಬೇಕು! ಒಂದೊಂದು ಮೆಟ್ಟಿಲು ಇಳಿಯಲು ಒಂದೊಂದು ಆಫೀಸು ಹತ್ತಬೇಕಾಯಿತು. ಇಷ್ಟರ ನಡುವೆ ಕಪ್ಪೆಗಳನ್ನು ಮಾತ್ರ ಯಾರೂ ತಮ್ಮವು ಎನ್ನಲಿಲ್ಲ.

ಮೀನಿನ ಇಲಾಖೆಯವರದು ಬೇರೆಯೇ ರಾಗ. “ಮೆಟ್ಟಿಲು ಕಟ್ಟಿದ್ರೆ ಮೀನುಗಳಿಗೆ ತೊಂದರೆ ಆಗಲ್ಲ ಅಂತ ಏನು ಗ್ಯಾರಂಟಿ? ಅಲ್ಲಿ ಯಾವ ಯಾವ ಮೀನಿದೆ ತಿಳ್ಕೊಂಡು ಬನ್ನಿ” ಎಂದರು. ನನಗೆ ರೇಗಿ ಹೋಯಿತು. ಮೀನಿನ ಲೆಕ್ಕ ಮೀನಿನ ಇಲಾಖೆಗೆ ಗೊತ್ತಿಲ್ಲದೆ ನಮಗೆ ಗೊತ್ತಿರಬೇಕೇ? ನಾವೇನು ಅವುಗಳ ಬೀಗರೇ? ಚಿಕ್ಕಪ್ಪ “ಆಗಲಿ ಸಾರ್” ಎಂದು ಕೈ ಮುಗಿದು, ಮುಂದಿನ ಭಾನುವಾರ ಕೆರೆಯ ಹತ್ತಿರ ಹೋಗಿ ಬಲೆ ಹಾಕುತ್ತಿದ್ದವನೊಬ್ಬನನ್ನು ಕೇಳಿದರು. “ಏನಪ್ಪಾ, ಇಲ್ಲಿ ಯಾವ ಮೀನು ಸಿಗುತ್ತೆ?” ಅವನು ಛತ್ರಿ ನೋಡಿದ, ಕನ್ನಡಕ ನೋಡಿದ, ಆಫೀಸರೇ ಬಂದರೆಂದು ತಿಳಿದ. “ಇಲ್ಲಿ ಮೀನೇ ಇಲ್ಲ ಬುದ್ಧೀ, ನಾವ್ಯಾರೂ ಮೀನು ಹಿಡಿಯಾಕಿಲ್ಲ” ಎಂದ. ಅವನ ಬುಟ್ಟಿಯೊಳಗೆ ಏನೋ ಪಟಪಟ ಬಡಿದುಕೊಳ್ಳುತ್ತಿತ್ತು. ಚಿಕ್ಕಪ್ಪ ಬಂದು ನನ್ನ ಕೈಯಲ್ಲಿ ಟೈಪು ಮಾಡಿಸಿದರು: ಸ್ಥಳೀಯರ ಪ್ರಕಾರ ಸದರಿ ಕೆರೆಯಲ್ಲಿ ಮೀನುಗಳಿಲ್ಲ. ಇಲಾಖೆಯವರು ಒಪ್ಪಿಕೊಂಡುಬಿಟ್ಟರು!

ಆದರೆ ಅಳತೆಯ ವಿಷಯಕ್ಕೆ ಬಂದಾಗ ಬಂಡಿ ಕೆಸರಿನಲ್ಲಿ ಹೂತಿತು. ಮುಖ್ಯ ಆಫೀಸಿನ ಇಂಜಿನಿಯರು ಕೇಳಿದರು, “ಮೆಟ್ಟಿಲು ಎಲ್ಲಿವರೆಗೆ ಯಜಮಾನ್ರೇ?”

“ನೀರು ಮುಟ್ಟೋವರೆಗೆ ಸಾರ್.”

“ನೀರು ಎಲ್ಲಿವರೆಗೆ ಇರುತ್ತೆ?”

“ಅದು ಮಳೆ ಮೇಲೆ ಸಾರ್.”

“ಹಂಗಾದ್ರೆ ಮಳೆ ಬಂದ್ಮೇಲೆ ಬನ್ನಿ.”

ಮಳೆ ಬಂತು, ಕೆರೆಗೆ ನೀರು ಬಂತು, ಸರ್ವೆಯವರೂ ಬಂದರು. ಬಂದವರು ಏರಿಯ ಮೇಲೆ ನಿಂತು, ನಾವು ಕೊಟ್ಟ ಎಳನೀರು ಕುಡಿದು, “ಇಷ್ಟು ನೀರಲ್ಲಿ ಅಳತೆ ಸರಪಳಿ ಹಿಡಿಯೋಕಾಗಲ್ಲ, ಬೇಸಿಗೇಲಿ ನೋಡೋಣ” ಎಂದು ಹೋದರು. ಬೇಸಿಗೆಯಲ್ಲಿ ಮತ್ತೆ ಬಂದರು. ನೀರು ಎಲ್ಲೋ ನಡುವೆ ಒಂದು ಹೊಂಡದಷ್ಟಿತ್ತು. ಆಗ ಏನೆಂದರು ಗೊತ್ತೇ? “ಇದು ನೀರಿನೊಳಗಿನ ಕಾಮಗಾರಿಗೆ ಹಾಕಿರೋ ಅರ್ಜಿ. ಇಲ್ಲಿ ನೀರೇ ಇಲ್ವಲ್ಲ! ನೀರು ಬಂದ್ಮೇಲೆ ತಿಳಿಸಿ.” ಆವತ್ತೂ ಎಳನೀರು ಕುಡಿದರು.

“ಇವರಿಗೆ ಒಂದು ಸಲ ಬಾಯಿ ತುಂಬಾ ಬೈಯಬಾರದಾ ಚಿಕ್ಕಪ್ಪಾ? ನೀವು ಬೈಯಲ್ಲ ಅಂದ್ರೆ ನಾನು ಬೈತೀನಿ!” ಎಂದೆ.

“ತಪ್ಪು ಕಣಮ್ಮಾ. ಗೇಟಲ್ಲಿ ಕೂತೋನ ಕಷ್ಟ ಗೇಟಲ್ಲಿ ಕೂತೋನಿಗೇ ಗೊತ್ತು. ಒಬ್ಬನಿಗೆ ಸಡಿಲ ಬಿಟ್ಟರೆ ಎಲ್ಲಾರೂ ನುಗ್ತಾರೆ. ಅವರ ಡ್ಯೂಟಿ ಅವರು ಮಾಡ್ತಾ ಇದಾರೆ.”

ಡ್ಯೂಟಿಯಂತೆ ಡ್ಯೂಟಿ! ಎಲ್ಲರೂ ನುಗ್ಗುತ್ತಲೇ ಇದ್ದರಲ್ಲ! ಹಗಲು ಹೊತ್ತಿನಲ್ಲೇ ಲಾರಿಗಳು ಬಂದು ಕೆರೆಯ ಅಂಚಿಗೆ ಕಟ್ಟಡದ ಅವಶೇಷ ಸುರಿದು ಹೋಗುತ್ತಿದ್ದವು. ಇಟ್ಟಿಗೆ ಗೂಡಿನವರು ಮಣ್ಣು ಬಗೆದು ಒಯ್ಯುತ್ತಿದ್ದರು. ಅದೂ ಹೋಗಲಿ, ದಕ್ಷಿಣದ ದಂಡೆಯಲ್ಲಿ ಒಬ್ಬ ದೊಡ್ಡ ಮನುಷ್ಯ ಬಂಗಲೆಯನ್ನೇ ಎಬ್ಬಿಸಿದ. ಬಂಗಲೆಯ ಹಿಂದಿನಿಂದ ನೀರಿನವರೆಗೆ ಸೊಗಸಾದ ಕಲ್ಲಿನ ಮೆಟ್ಟಿಲು, ಎರಡೂ ಕಡೆ ಕಟಕಟೆ! ಯಾತಕ್ಕೆ? ಅವನ ನಾಯಿಗೆ ಸ್ನಾನ ಮಾಡಿಸಲಿಕ್ಕೆ! ಸಂರಕ್ಷಿತ ನೀರು, ಸ್ವಾಮಿ! ಬೋರ್ಡು ಅಲ್ಲೇ ನಿಂತು ಎಲ್ಲವನ್ನೂ ನೋಡುತ್ತಿತ್ತು. ಕೇಳದೆ ಕಟ್ಟಿದವನನ್ನು ಕೇಳುವವರಿಲ್ಲ. ಕೇಳಿ ಕಟ್ಟುತ್ತೇನೆಂದವನಿಗೆ ಹೊಸಲು ಹೊಸಲಿನಲ್ಲೂ ಪ್ರಶ್ನೆ. ಅರ್ಜಿ ಹಾಕಿದ್ದೇ ನಾವು ಮಾಡಿದ ಅಪರಾಧವೋ ಏನೋ ಎಂದು ನನಗೆ ಅನ್ನಿಸತೊಡಗಿತು. ಈಗ ನೆನೆದರೂ ನನಗೆ ರಕ್ತ ಕುದಿಯುತ್ತದೆ.

“ಹೋಗ್ಲಿ, ಆ ನಾಯಿ ಮೆಟ್ಟಿಲಲ್ಲೇ ಚಿಕ್ಕಮ್ಮನ್ನ ಇಳಿಸೋಣ” ಎಂದೆ.

“ಅವರ ಪರ್ಮಿಷನ್ ಇಲ್ಲದೆ?” ಎಂದರು ಚಿಕ್ಕಪ್ಪ.

ಹೋಗಿ ಕೇಳಿದರು ಕೂಡ! ಚಪ್ಪಲಿ ಗೇಟಿನಾಚೆ ಬಿಟ್ಟು, ಕೈ ಕಟ್ಟಿ ನಿಂತು, ಕಾಲು ಕುಂಟಾದ ಒಬ್ಬ ಹೆಂಗಸು ವರ್ಷಕ್ಕೊಂದು ಸಲ ತಮ್ಮ ಮೆಟ್ಟಿಲಲ್ಲಿ ಇಳಿಯಬಹುದೇ ಎಂದು ಕೇಳಿದರು. “ಇದು ಪ್ರೈವೇಟ್ ಜಾಗ ರೀ, ಕಂಡಕಂಡೋರೆಲ್ಲ ಬರೋಹಾಗಿಲ್ಲ” ಎಂದ ಆ ಮಹಾರಾಯ. ಸರ್ಕಾರದ ಕೆರೆಯೊಳಗೆ ನಿಂತು ಹೇಳಿದ ಮಾತು ಇದು! ನಾಯಿ ಮಾತ್ರ ಬಾಲ ಅಲ್ಲಾಡಿಸಿತು.

ಎಮರ್ಜೆನ್ಸಿ ಬಂತು. ಆಫೀಸುಗಳಲ್ಲಿ ಎಲ್ಲರೂ ಸರಿಯಾದ ಹೊತ್ತಿಗೆ ಬಂದು ಕುರ್ಚಿಯಲ್ಲಿ ಕೂರತೊಡಗಿದರು. ಚಿಕ್ಕಪ್ಪನಿಗೆ ಹಿಗ್ಗೋ ಹಿಗ್ಗು. “ಇವತ್ತು ಎಲ್ಲಾ ಸೀಟಲ್ಲೂ ಜನ ಇದ್ರು ಕಣಮ್ಮಾ!” ಎಂದು ಹಬ್ಬಕ್ಕೆ ಹೋಗಿ ಬಂದವರ ಹಾಗೆ ಹೇಳುವರು. ಜನ ಇದ್ದರು ನಿಜ. ಮೊದಲು ಖಾಲಿ ಕುರ್ಚಿಯ ಮುಂದೆ ಕಾಯುತ್ತಿದ್ದೆವು, ಈಗ ತುಂಬಿದ ಕುರ್ಚಿಯ ಮುಂದೆ ಕಾದೆವು. ಅಷ್ಟೇ ವ್ಯತ್ಯಾಸ.

ಈ ನಡುವೆ ಚಿಕ್ಕಮ್ಮ ಸೊರಗಿ ಹೋಗುತ್ತಿದ್ದರು. ಕೋಲಿನ ಜೊತೆಗೆ ಗೋಡೆಯೂ ಬೇಕಾಗುತ್ತಿತ್ತು. ಎಷ್ಟು ತೆಳ್ಳಗಾಗಿದ್ದರೆಂದರೆ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಆಕೆ ಒಂದು ದಿನವೂ ಮೆಟ್ಟಿಲು ಏನಾಯಿತೆಂದು ಕೇಳಲಿಲ್ಲ. ನಾನೇ ಅರ್ಜಿ ಹೊಡೆಯುತ್ತಾ ಕೂತಾಗ ಲೆಕ್ಕ ಹಾಕುತ್ತಿದ್ದೆ, ಅಪ್ಪಣೆಯ ಕಾಗದ ಮೊದಲು ಬರುತ್ತದೋ, ಅಥವಾ ಚಿಕ್ಕಮ್ಮ ಹೊಸಲು ದಾಟಲಾರದ ದಿನ ಮೊದಲು ಬರುತ್ತದೋ ಎಂದು.

ಕೊನೆಗೆ ಒಂದು ದಿನ ಅಪ್ಪಣೆ ಬಂತು! ನಿಜವಾಗಿ ಬಂತು! ರುಜು, ಸೀಲು, ಎಲ್ಲ ಇದ್ದ ಕಾಗದ. ಮನೆಯಲ್ಲಿ ಪಾಯಸ ಮಾಡಿದೆವು. ದೂರದ ಅಣ್ಣನಿಗೆ ಕಲ್ಲು ಹೊಡೆಸಲು ಹೇಳಿ ಕಳಿಸಿದ್ದಾಯಿತು. ಚಿಕ್ಕಪ್ಪ ಕಾಗದವನ್ನು ದೇವರ ಮುಂದೆ ಇಟ್ಟು, ಆಮೇಲೆ ಕನ್ನಡಕ ಏರಿಸಿ ಓದತೊಡಗಿದರು. ಓದುತ್ತಾ ಓದುತ್ತಾ ಮುಖ ಸಣ್ಣಗಾಯಿತು.

“ದಕ್ಷಿಣ ದಂಡೆ ಅಂತ ಬರೆದಿದಾರೆ. ನಮ್ಮದು ಉತ್ತರ ದಂಡೆ.”

ನಾನು ಕಾಗದ ಕಿತ್ತುಕೊಂಡು ನೋಡಿದೆ. ಅರ್ಜಿಯಲ್ಲಿ ಉತ್ತರ ಎಂದೇ ಇತ್ತು. ಅಪ್ಪಣೆಯಲ್ಲಿ ದಕ್ಷಿಣವಾಗಿತ್ತು. ದಕ್ಷಿಣ ದಂಡೆಯಲ್ಲಿ ಇರುವುದು ಯಾವುದು? ನಾಯಿಯ ಮೆಟ್ಟಿಲು! ವರ್ಷಗಟ್ಟಲೆ ಚಪ್ಪಲಿ ಸವೆಸಿದ ನಮ್ಮ ಪುಣ್ಯವೆಲ್ಲ ಹೋಗಿ ಆ ನಾಯಿಯ ತಲೆಯ ಮೇಲೆ ಬಿದ್ದಿತ್ತು.

“ಚಿಕ್ಕಪ್ಪಾ, ಯಾರು ನೋಡ್ತಾರೆ? ಕಾಗದ ಇದೆ, ಸೀಲಿದೆ, ಕಟ್ಟಿಸಿಬಿಡಿ.”

“ಪಾಸಲ್ಲಿ ಒಂದು ಇದ್ದು, ಕೈಯಲ್ಲಿ ಇನ್ನೊಂದಿದ್ರೆ ಗೇಟಲ್ಲಿ ಬಿಡ್ತಾರಾ?”

“ಗೇಟೇ ಇಲ್ವಲ್ಲ ಚಿಕ್ಕಪ್ಪಾ! ಅಲ್ಲಿರೋದು ಕೆರೆ!”

ನಾನು ಅತ್ತೆ, ಕೂಗಾಡಿದೆ. ದೂರದ ಅಣ್ಣ ತಲೆ ಚಚ್ಚಿಕೊಂಡ. ನೆಂಟರಿಷ್ಟರೆಲ್ಲ ಬಂದು ಬುದ್ಧಿ ಹೇಳಿದರು. ಇಂಥ ತಪ್ಪನ್ನು ಪ್ರಪಂಚದಲ್ಲಿ ಇನ್ಯಾರಾದರೂ ಮಾಡುತ್ತಾರೆಯೇ ಹೇಳಿ? ಕೈಗೆ ಬಂದ ಅಪ್ಪಣೆಯನ್ನು ಚಿಕ್ಕಪ್ಪ ತಿದ್ದುಪಡಿಗಾಗಿ ಆಫೀಸಿಗೇ ವಾಪಸು ಕೊಟ್ಟು ಬಂದರು. ತೆಗೆದುಕೊಂಡ ಗುಮಾಸ್ತನಿಗೇ ನಂಬಿಕೆ ಬರಲಿಲ್ಲವಂತೆ. “ಖಂಡಿತ ವಾಪಸ್ ಕೊಡ್ತೀರಾ ಸಾರ್?” ಎಂದು ಮತ್ತೆ ಮತ್ತೆ ಕೇಳಿ, ಕಾಗದವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದನಂತೆ. ನಾನು ಆಮೇಲೆ ಬಹಳ ದಿನ ಚಿಕ್ಕಪ್ಪನ ಜೊತೆ ಮಾತು ಬಿಟ್ಟೆ. ಚಿಕ್ಕಮ್ಮ ಮಾತ್ರ, “ಅವರು ಹಂಗೇ ಕಣೇ” ಎಂದರು.

ಆ ವರ್ಷ ಮಳೆ ಹುಚ್ಚು ಹಿಡಿದಂತೆ ಬಂತು. ವೃಷಭಾವತಿ ಹೊಳೆ ಉಕ್ಕಿ ಮೈಸೂರು ರಸ್ತೆಯವರೆಗೂ ಬಂದಿತ್ತು. ಚಿಕ್ಕಮ್ಮನ ಊರಿನಿಂದ ಸುದ್ದಿ ಬಂತು, ಕೆರೆ ಕೋಡಿ ಬಿದ್ದಿದೆ ಎಂದು. ನಾವು ಹೊರಟೆವು. ಬಸ್ಸಿಳಿದ ಮೇಲೆ ಎತ್ತಿನ ಗಾಡಿ ಮಾಡಿಕೊಂಡು ಚಿಕ್ಕಮ್ಮನನ್ನು ಏರಿಯ ಮೇಲೆ ಬೋರ್ಡಿನ ಪಕ್ಕದವರೆಗೆ ಕರೆತಂದೆವು. ಹೆಂಗಸರೆಲ್ಲ ಹಾಡುತ್ತಾ ಇಳಿಯುತ್ತಿದ್ದರು. ಚಿಕ್ಕಮ್ಮ ಮೊರವನ್ನು ಎದೆಗವಚಿಕೊಂಡು, ಕೋಲಿನ ಮೇಲೆ ಭಾರ ಹಾಕಿ ನಿಂತಿದ್ದರು. ನೀರು ಕಣ್ಣೆದುರಿಗೇ ಇತ್ತು. ಒಬ್ಬಳು ಹುಡುಗಿ ಮೇಲೆ ಬಂದು, “ಕೊಡಿ ದೊಡ್ಡಮ್ಮಾ, ನಾ ಬಿಟ್ಟು ಬರ್ತೀನಿ” ಎಂದು ಕೈ ಚಾಚಿದಳು. ಚಿಕ್ಕಮ್ಮ ಕೊಡಲಿಲ್ಲ. ಕೊಡುವುದಿಲ್ಲ ಎಂದೂ ಹೇಳಲಿಲ್ಲ. ಮೊರವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು.

ಆಗ ಚಿಕ್ಕಪ್ಪ ಛತ್ರಿಯನ್ನು ಮಡಚಿ ನನ್ನ ಕೈಗೆ ಕೊಟ್ಟರು. ಚಪ್ಪಲಿ ಬಿಟ್ಟರು. ಪಂಚೆಯನ್ನು ಮೇಲೆತ್ತಿ ಕಟ್ಟಿದರು. ನನಗೆ ಏನೂ ಅರ್ಥವಾಗಲಿಲ್ಲ. ಅವರು ನೀರುಗಂಟಿಯ ಕಡೆ ನೋಡಲಿಲ್ಲ, ಬೋರ್ಡಿನ ಕಡೆ ನೋಡಲಿಲ್ಲ. ಚಿಕ್ಕಮ್ಮನ ಎದುರಿಗೆ ಬಂದು, ಮಿಲ್ಲಿನ ಯಜಮಾನರ ಮುಂದೆ ನಿಲ್ಲುವ ಹಾಗೆ ನೆಟ್ಟಗೆ ನಿಂತು ಕೇಳಿದರು.

“ನಿನ್ನ ಎತ್ಕೋಬಹುದಾ?”

ಚಿಕ್ಕಮ್ಮ ತಲೆ ಎತ್ತಿ ನೋಡಿದರು. ಇಷ್ಟು ವರ್ಷದ ಸಂಸಾರದಲ್ಲಿ ಆಕೆಯನ್ನು ಅವರು ಕೇಳಿದ ಮೊದಲ ಮಾತು ಅದು. ಸುತ್ತ ಇಡೀ ತವರೂರು ನೆರೆದಿತ್ತು.

“ಹೂಂ” ಎಂದರು. “ಬೇಗ. ಜನ ನೋಡ್ತಾರೆ.”

ಚಿಕ್ಕಪ್ಪ ಎತ್ತಿಕೊಂಡರು. ಗೇಟಿನಲ್ಲಿ ಕೂತು ಕೂತು ಸವೆದ ದೇಹ ಅದು, ಕಾಲುಗಳು ತರತರ ನಡುಗುತ್ತಿದ್ದವು. ಹೆಬ್ಬೆರಳನ್ನು ಜೇಡಿಮಣ್ಣಿಗೆ ಊರಿ ಊರಿ ಇಳಿಯತೊಡಗಿದರು. ಚಿಕ್ಕಮ್ಮ ಒಂದು ಕೈಯಲ್ಲಿ ಮೊರ ಹಿಡಿದು, ಇನ್ನೊಂದು ಕೈಯನ್ನು ಗಂಡನ ಕೊರಳಿಗೆ ಹಾಕಿದ್ದರು. ಹಾಡು ನಿಂತುಹೋಯಿತು. ಬೀಡಿ ಸೇದುತ್ತಿದ್ದ ನೀರುಗಂಟಿಗೆ ಮಾತ್ರ ಅದೇನು ಬಂತೋ, ತನ್ನನ್ನು ಅಪ್ಪಣೆ ಕೇಳಿದ್ದ ಆ ಒಬ್ಬನೇ ಮನುಷ್ಯ ಹೀಗೆ ಇಳಿದದ್ದನ್ನು ಕಂಡು ಎದ್ದು ನಿಂತು ಕೂಗಿದ.

“ಯಜಮಾನ್ರೇ! ಪರ್ಮಿಷನ್ ಆಯ್ತಾ?”

“ಆಯ್ತು ಕಣಯ್ಯಾ!” ಎಂದು ಚಿಕ್ಕಪ್ಪ ತಿರುಗದೆಯೇ ಕೂಗಿದರು. “ಈಗ ಸಿಕ್ತು!”

ನೀರಿನಲ್ಲಿ ಆಕೆಯ ಪಾದ ಇಳಿಸಿ, ಹಿಂದಿನಿಂದ ಎರಡೂ ತೋಳು ಹಿಡಿದು ನಿಂತರು. ಚಿಕ್ಕಮ್ಮ ಬಗ್ಗಿ ಮೊರವನ್ನು ಬಿಟ್ಟರು, ಬೊಗಸೆಯಲ್ಲಿ ನೀರೆತ್ತಿ ಕಣ್ಣಿಗೊತ್ತಿಕೊಂಡರು. ಮೊರ ತೇಲುತ್ತಾ ಹೋಯಿತು. ಮೇಲೆ ಬರುವಾಗ ಚಿಕ್ಕಪ್ಪನ ಕಾಲು ಜಾರಿ, ಆಕೆಯನ್ನು ಬಿಡದೆ, ಹಾಗೇ ಕೆಸರಿನಲ್ಲಿ ಕೂತುಬಿಟ್ಟರು. ನಾವೆಲ್ಲ ಗಾಬರಿಯಾಗಿ ಓಡಿದರೆ ಚಿಕ್ಕಮ್ಮ ಅವರ ಮಡಿಲಲ್ಲಿ ಕೂತು ನಗುತ್ತಿದ್ದರು. ಆಕೆಗೆ ಅಷ್ಟು ಗಟ್ಟಿಯಾಗಿ ನಗಲು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಚಿಕ್ಕಪ್ಪ ಬದಲಾದರು ಎಂದುಕೊಂಡಿರಾ? ಮಾರನೆಯ ದಿನವೇ ನನ್ನ ಇನ್‌ಸ್ಟಿಟ್ಯೂಟಿಗೆ ಬಂದು, ತಾವು ಸಂರಕ್ಷಿತ ನೀರಿಗೆ ಅಪ್ಪಣೆಯಿಲ್ಲದೆ ಇಳಿದಿದ್ದೇವೆ, ಕ್ಷಮಿಸಬೇಕು ಎಂದು ಒಂದು ಕಾಗದ ಹೊಡೆಸಿದರು! ಅದನ್ನು ಯಾವ ಫೈಲಿಗೆ ಹಾಕಬೇಕೆಂದು ತಿಳಿಯದೆ ಇಲಾಖೆಯವರು ಒದ್ದಾಡಿದರಂತೆ. ನನಗೆ ಮೊದಲ ಬಾರಿಗೆ ಆ ಇಲಾಖೆಯವರ ಮೇಲೆ ಕನಿಕರ ಬಂತು.

ಮುಂದಿನ ಮಳೆಗಾಲ ಹತ್ತಿರವಾದಾಗ ಚಿಕ್ಕಪ್ಪ ಮತ್ತೆ ಛತ್ರಿ ತೆಗೆದುಕೊಂಡು ಹೊರಟರು. ಆ ದಕ್ಷಿಣ ಉತ್ತರವಾಗಿದೆಯೋ ಇಲ್ಲವೋ ವಿಚಾರಿಸಬೇಕಲ್ಲ! ಅವರು ಬೀದಿಯ ತಿರುವು ದಾಟುವವರೆಗೆ ನೋಡಿದ ಚಿಕ್ಕಮ್ಮ ನನ್ನನ್ನು ಅಡುಗೆಮನೆಗೆ ಕರೆದರು. ಸೊಪ್ಪು ಸೋಸುತ್ತಾ, ನನ್ನ ಮುಖ ನೋಡದೆ, ಮದುವೆಯಾಗದ ಹುಡುಗಿಯ ಹಾಗೆ ಕೆಂಪಾಗಿ ಕೇಳಿದರು.

“ಅಲ್ವೇ, ಮೆಟ್ಟಿಲು ಆಗಿಬಿಟ್ರೆ ಆಮೇಲೆ ಇವರು ನನ್ನ ಎತ್ಕೋತಾರಾ?”

ಹೊರಗೆ ಬಂದು, ಬಸ್ ಸ್ಟಾಪಿನ ಕಡೆ ಮುಖ ಮಾಡಿ ನಿಂತೆ. ಅಷ್ಟು ವರ್ಷ ಆ ಆಫೀಸಿಗೆ ಶಾಪ ಹಾಕಿದ ನಾನು ಆವತ್ತು ಮನಸ್ಸಿನಲ್ಲೇ ಕೈ ಮುಗಿದೆ. ದೇವರೇ, ಇವತ್ತು ಆ ಗುಮಾಸ್ತ ರಜೆಯಲ್ಲಿರಲಿ. ಬೀರುವಿನ ಬೀಗದಕೈ ಕಳೆದುಹೋಗಿರಲಿ.